ಹನ್ನೊಂದು ಹೊಡೆದು ಹತ್ತು ನಿಮಿಷ

ಆ ದಿನ ಬೆಳಿಗ್ಗೆ ಆರೂವರೆಗೆ ಡೊಂಬಿವಲಿಯ ನಮ್ಮ ಮನೆಯಲ್ಲಿ ಮೂವರು ಮುದುಕರಿದ್ದರು. ಒಬ್ಬರು ನಮ್ಮ ಅಪ್ಪ; ಉಳಿದಿಬ್ಬರು ಟಿ.ವಿ.ಯೊಳಗೆ. 2024ರ ಜೂನ್ 28, ಶುಕ್ರವಾರ. ಅಮೇರಿಕೆಯಲ್ಲಿ ಮಾತ್ರ ಇನ್ನೂ ಗುರುವಾರ ರಾತ್ರಿ ಒಂಬತ್ತು ಗಂಟೆ. ಅಟ್ಲಾಂಟಾದ ಸ್ಟುಡಿಯೋ ಒಂದರಲ್ಲಿ ಆಗಿನ ಅಧ್ಯಕ್ಷ ಜೋ ಬೈಡನ್ ಮತ್ತು ಮಾಜಿ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಚುನಾವಣೆಯ ವಾದಕ್ಕೆಂದು ನಿಂತಿದ್ದರು. ಬೈಡನ್ನರಿಗೆ 81, ಟ್ರಂಪರಿಗೆ ಎರಡು ವಾರದ ಹಿಂದಷ್ಟೇ 78 ತುಂಬಿತ್ತು.

ನಮ್ಮ ಅಪ್ಪ ಬೈಡನ್ನರಿಗಿಂತ ಐದಾರು ತಿಂಗಳಿಗೆ ದೊಡ್ಡವರು. ಶಾಲೆಯ ದಾಖಲೆಯಲ್ಲಿ 1942ರ ಜೂನ್ 1 ಎಂದಿದೆ. ಅದು ನಿಜವಾದ ತಾರೀಖಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ನಮ್ಮ ಸಂಘದ ಬಂಧುಗಳಲ್ಲಿಯೂ ಅರ್ಧಕ್ಕರ್ಧ ಮಂದಿ ಜೂನ್ 1ರಂದೇ ಹುಟ್ಟಿದವರಿರಬೇಕು! ಅಪ್ಪ ಧಾರವಾಡದ ಕಡೆಯ ಹಳ್ಳಿಯೊಂದರ ಕನ್ನಡ ಶಾಲೆಯಲ್ಲಿ ಮಾಸ್ತರರಾಗಿ, ಕಡೆಗೆ ಹೆಡ್‌ಮಾಸ್ತರರಾಗಿ, ಊರ ಮಕ್ಕಳಿಗೆಲ್ಲ ತಮ್ಮ ಕೈಯಾರೆ ಅದೇ ಹುಟ್ಟುಹಬ್ಬ ದಯಪಾಲಿಸಿದವರು. ನಮಗೂ ಅದನ್ನೇ ಕೊಟ್ಟರು. ಅವ್ವ ತೀರಿಕೊಂಡ ಮೇಲೆ, 2019ರಿಂದ, ಅವರ ವಾಸ ನಮ್ಮಲ್ಲಿ.

ಬೈಡನ್ನರ ಧ್ವನಿ ಕಟ್ಟಿಹೋಗಿತ್ತು. ಸಾಲದ ಮಾತು, ತೆರಿಗೆಯ ಮಾತು ಆಡುತ್ತ ಆಡುತ್ತ ನಡುವೆ ಎಳೆ ತಪ್ಪಿ ನಿಂತುಬಿಟ್ಟರು. ಹುಡುಕಾಡಿದರು. ಕೊನೆಗೆ ಮುದುಕರ ಆರೋಗ್ಯ ವಿಮೆಯಾದ ಮೆಡಿಕೇರನ್ನೇ ತಾವು ಸೋಲಿಸಿಬಿಟ್ಟೆವೆಂಬ ಅರ್ಥ ಬರುವಂತೆ ಮಾತು ಮುಗಿಸಿದರು. ಎದುರಿನವರು ಗಟ್ಟಿ ಧ್ವನಿಯಲ್ಲಿ ನಿಜವಲ್ಲದ್ದನ್ನು ಎಷ್ಟೋ ಹೇಳಿದರು. ಅದನ್ನು ಮರುದಿನ ಪತ್ರಿಕೆಗಳು ಲೆಕ್ಕ ಹಾಕಿ ತೋರಿಸಿದವು. ಆದರೆ ಜನರ ಕಣ್ಣಿಗೆ ಕಟ್ಟಿದ್ದು ಆ ನಿಂತುಹೋದ ಕ್ಷಣ. ನಾವು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದೆವು. 7.52ರ ಲೋಕಲ್ ಹಿಡಿಯುವುದಿತ್ತು. ಅಪ್ಪ ಚಹದ ಬಸಿ ಕೆಳಗಿಟ್ಟು ನಮ್ಮ ಕಡೆ ತಿರುಗಿದರು.

“ಏ ತಮ್ಮಾ, ಪಾಪ, ಈ ಮನಶ್ಯಾಗ ಮನ್ಯಾಗ ತಿಳಿಸಿ ಹೇಳಾವ್ರು ಯಾರೂ ಇಲ್ಲೇನು?”

ನಾವು ಉತ್ತರ ಕೊಡದೆ ಕೊಡೆ ಹುಡುಕಿಕೊಂಡು ಹೊರಬಿದ್ದೆವು. ಏಕೆಂಬುದನ್ನು ಮುಂದೆ ಹೇಳುತ್ತೇವೆ.

ಅಂದು ಲೋಕಲ್ ಡಬ್ಬಿಯಲ್ಲಿ ಇಸ್ಪೀಟು ನಿಂತಿತ್ತು. ಎಲ್ಲರೂ ವೈದ್ಯರಾಗಿದ್ದರು. ಒಬ್ಬರು ಪಾರ್ಕಿನ್ಸನ್ ಎಂದರು, ಇನ್ನೊಬ್ಬರು ಅಲ್ಜೈಮರ್ ಎಂದರು. ಕುರ್ಲಾ ಬರುವಷ್ಟರಲ್ಲಿ ಟ್ರಂಪರಿಗೂ ಒಂದೆರಡು ರೋಗಗಳನ್ನು ಹಂಚಿಯಾಗಿತ್ತು. ದೂರದಿಂದ ನೋಡಿ ಹೀಗೆ ರೋಗ ಹೇಳುವ ಚಪಲ ಇಂದಿನದಲ್ಲ. 1964ರಲ್ಲಿ ಬ್ಯಾರಿ ಗೋಲ್ಡ್‌ವಾಟರ್ ಎಂಬವರು ಅಮೇರಿಕೆಯ ಅಧ್ಯಕ್ಷ ಪದವಿಗೆ ನಿಂತಾಗ ‘ಫ್ಯಾಕ್ಟ್’ ಎಂಬ ಪತ್ರಿಕೆ ಹನ್ನೆರಡು ಸಾವಿರಕ್ಕೂ ಮಿಕ್ಕಿ ಮನೋವೈದ್ಯರಿಗೆ ಕಾಗದ ಬರೆದು, ಇವರ ತಲೆ ನೆಟ್ಟಗಿದೆಯೇ ಎಂದು ಕೇಳಿತು. 2,417 ಮಂದಿ ಉತ್ತರ ಬರೆದರು. 1,189 ಮಂದಿ ಇವರು ಆ ಪದವಿಗೆ ತಕ್ಕವರಲ್ಲ ಎಂದರು. ಅವರು ಯಾರೂ ಗೋಲ್ಡ್‌ವಾಟರರ ನಾಡಿ ಹಿಡಿದು ನೋಡಿ ಹಾಗೆ ಹೇಳಿರಲಿಲ್ಲ. ಆ ಮನುಷ್ಯ ಚುನಾವಣೆಯಲ್ಲಿ ಸೋತರೂ ಪತ್ರಿಕೆಯ ಮೇಲಿನ ದಾವೆಯಲ್ಲಿ ಗೆದ್ದರು. ತಾನು ಪರೀಕ್ಷಿಸದ ವ್ಯಕ್ತಿಯ ಮನಸ್ಸಿನ ಬಗ್ಗೆ ಮನೋವೈದ್ಯನು ಬಹಿರಂಗವಾಗಿ ಅಭಿಪ್ರಾಯ ಕೊಡಕೂಡದೆಂದು ಅಲ್ಲಿನ ಮನೋವೈದ್ಯರ ಸಂಘ 1973ರಲ್ಲಿ ನಿಯಮವನ್ನೇ ಮಾಡಿತು. ನಮ್ಮ ಡಬ್ಬಿಗೆ ಆ ನಿಯಮ ಅನ್ವಯಿಸುವುದಿಲ್ಲ.

ಕಚೇರಿಯಲ್ಲಿ ನಮ್ಮ ಮೇಜಿನ ಕೆಲಸವೆಂದರೆ ಸರ್ವೀಸ್ ಬುಕ್ಕು. ಯಾರಿಗೆ ಎಂದು ಅರವತ್ತು ತುಂಬುತ್ತದೆಂಬುದನ್ನು ಅವರ ಹೆಂಡಂದಿರಿಗಿಂತ ಮೊದಲು ಬಲ್ಲವರು ನಾವು. 1998ಕ್ಕೆ ಮೊದಲು ಐವತ್ತೆಂಟಿತ್ತು, ಆಮೇಲೆ ಅರವತ್ತಾಯಿತು. ತಿಂಗಳ ಒಂದನೆಯ ತಾರೀಖಿಗೆ ಹುಟ್ಟಿದವನಾದರೆ ಹಿಂದಿನ ತಿಂಗಳ ಕೊನೆಯ ದಿನವೇ ಹೊರಗೆ, ಎಂದರೆ ಜೂನ್ ಒಂದರ ನಾವೆಲ್ಲ ಮೇ 31ಕ್ಕೆ. ಅದಕ್ಕೂ ಮೊದಲೇ, ಐವತ್ತು ಐವತ್ತೈದರಲ್ಲಿ, ಎಫ್.ಆರ್. 56(ಜೆ) ಎಂಬ ಕಲಮಿನ ಪ್ರಕಾರ ಈ ನೌಕರ ಇನ್ನೂ ಕೆಲಸಕ್ಕೆ ಬರುತ್ತಾನೆಯೇ ಎಂದು ಮೇಲಿನವರು ಕುಳಿತು ನೋಡುತ್ತಾರೆ. ಹೈಕೋರ್ಟಿನ ನ್ಯಾಯಾಧೀಶರಿಗೆ 62, ಸುಪ್ರೀಂ ಕೋರ್ಟಿನವರಿಗೆ 65. ಶಾಸನ ಮಾಡುವವರಿಗೆ ಮಾತ್ರ ಕೆಳಗಿನ ಗೆರೆ ಉಂಟು, ಮೇಲಿನದಿಲ್ಲ. ಲೋಕಸಭೆಗೆ 25, ರಾಜ್ಯಸಭೆಗೆ 30, ರಾಷ್ಟ್ರಪತಿಗೆ 35 ತುಂಬಿದ್ದರೆ ಆಯಿತು. ಸಂವಿಧಾನದ 102ನೆಯ ವಿಧಿ ಬುದ್ಧಿ ಸ್ವಸ್ಥವಿಲ್ಲದವನು ಸಂಸತ್ ಸದಸ್ಯನಾಗಿರಕೂಡದೆನ್ನುತ್ತದೆ ನಿಜ. ಆದರೆ ಹಾಗೆಂದು ಅಧಿಕಾರವುಳ್ಳ ನ್ಯಾಯಾಲಯವೊಂದು ಸಾರಿರಬೇಕು. ಉಮೇದುವಾರ ತನ್ನ ಮೇಲಿನ ಖಟ್ಲೆ, ತನ್ನ ಆಸ್ತಿ, ಸಾಲ, ಓದು ಇಷ್ಟನ್ನೂ ಪ್ರಮಾಣಪತ್ರದಲ್ಲಿ ಬರೆಯಬೇಕು. ಮೈ ಹೇಗಿದೆ, ಮನಸ್ಸು ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ನಾವು ಗುಮಾಸ್ತರಾಗಿ ಸೇರುವಾಗ ಸರಕಾರಿ ವೈದ್ಯರು ನಮ್ಮ ಹಲ್ಲನ್ನೂ ಎಣಿಸಿದ್ದರು.

ಹಾಗೆಂದು ವಯಸ್ಸೇ ತಪ್ಪೆಂದು ಹೇಳಲು ನಮಗೆ ಬಾಯಿ ಬರುವುದಿಲ್ಲ. ಮುರಾರ್ಜಿ ದೇಸಾಯಿಯವರು 1977ರಲ್ಲಿ ಪ್ರಧಾನಿಯಾದಾಗ ಅವರಿಗೆ 81. ಫೆಬ್ರವರಿ 29ರಂದು ಹುಟ್ಟಿದವರಾದ್ದರಿಂದ ಹುಟ್ಟುಹಬ್ಬಗಳು ಇಪ್ಪತ್ತೂ ಆಗಿರಲಿಲ್ಲವೆನ್ನಿ. ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿದ್ದಾಗ ಅವರೇ ಮುಖ್ಯಮಂತ್ರಿ. ನಮ್ಮ ಅಪ್ಪ ಕನ್ನಡ ಶಾಲೆ ಕಲಿತದ್ದು ಅವರ ಆಡಳಿತದಲ್ಲಿ. ಜರ್ಮನಿಯ ಆಡೆನಾವರ್ 73ಕ್ಕೆ ಚಾನ್ಸಲರರಾಗಿ 87ರವರೆಗೆ ನಡೆಸಿದರು. ನಮ್ಮ ದೇವೇಗೌಡರು 2020ರಲ್ಲಿ ರಾಜ್ಯಸಭೆಗೆ ಅವಿರೋಧವಾಗಿ ಆರಿಸಿಬಂದಾಗ 87 ವರ್ಷದವರು. ಹುಟ್ಟಿದ ವರ್ಷ ಮನುಷ್ಯನ ಬಗ್ಗೆ ಹೇಳುವುದು ಅಷ್ಟಕ್ಕಷ್ಟೆ. ಪಕ್ಕದಲ್ಲಿದ್ದವರು ಹೇಳಬಲ್ಲರು. ಆದರೆ ಅವರು ಹೇಳುವುದಿಲ್ಲ. ನಮ್ಮ ಪೇಚಾಟವೆಲ್ಲ ಇಲ್ಲಿಯೇ ಇದೆ.

ಅಮೇರಿಕೆಯ ಅಧ್ಯಕ್ಷ ವುಡ್ರೋ ವಿಲ್ಸನ್ನರ ಕಥೆ ನೋಡಿ. 1919ರ ಅಕ್ಟೋಬರ್ 2ರಂದು ಅವರಿಗೆ ಲಕ್ವ ಹೊಡೆದು ಎಡ ಭಾಗ ಸ್ವಾಧೀನ ತಪ್ಪಿತು. ಅವರ ಅವಧಿ ಮುಗಿದದ್ದು 1921ರ ಮಾರ್ಚಿನಲ್ಲಿ. ಆ ಒಂದೂವರೆ ವರ್ಷ ಯಾವ ಕಾಗದ ಹಾಸಿಗೆಯ ತನಕ ಹೋಗಬೇಕು, ಯಾವುದು ಹೋಗಬಾರದು ಎಂದು ತೀರ್ಮಾನಿಸಿದವರು ಹೆಂಡತಿ ಎಡಿತ್. ಊರಿಗೆಲ್ಲ ಹೇಳಿದ್ದು, ಯಜಮಾನರಿಗೆ ಬಹಳ ದಣಿವಾಗಿದೆ ಎಂದು. ಅನುಮಾನ ಬಂದು ಡಿಸೆಂಬರಿನಲ್ಲಿ ಇಬ್ಬರು ಸೆನೆಟರುಗಳು ನೋಡಲು ಬಂದರು. ಅವರು ಬರುವ ಮೊದಲು ವಿಲ್ಸನ್ನರನ್ನು ದಿಂಬಿಗೆ ಆನಿಸಿ, ಸ್ವಾಧೀನವಿಲ್ಲದ ಎಡಗೈಯನ್ನು ಹೊದಿಕೆಯೊಳಗೆ ಮುಚ್ಚಿ, ಬಲಗೈಗೆ ನಿಲುಕುವಂತೆ ಕಾಗದ ಇಟ್ಟು ಸಜ್ಜುಮಾಡಿದ್ದರು. ರೋಗಿ ನಾಲ್ಕು ಮಾತು ಚೆನ್ನಾಗಿಯೇ ಆಡಿದರು. ಬಂದವರು ಸಮಾಧಾನಗೊಂಡು ಹೋದರು. ಅಧ್ಯಕ್ಷರಿಲ್ಲದೆ ಮಂತ್ರಿಗಳ ಸಭೆ ಕರೆದು ಕೆಲಸ ನಡೆಸಿದ ವಿದೇಶ ಮಂತ್ರಿ ಲ್ಯಾನ್ಸಿಂಗರು ಮಾತ್ರ 1920ರ ಫೆಬ್ರವರಿಯಲ್ಲಿ ಕೆಲಸ ಕಳೆದುಕೊಂಡರು.

ಚರ್ಚಿಲ್ಲರಿಗೆ 1953ರ ಜೂನಿನಲ್ಲಿ ಲಕ್ವ ಹೊಡೆದಾಗ ಬ್ರಿಟನ್ನಿನ ಪತ್ರಿಕೆಗಳ ಒಡೆಯರೇ ಸೇರಿ ಸುದ್ದಿ ಮುಚ್ಚಿದರು. ರೇಗನ್ನರು 1984ರ ಮೊದಲ ವಾದದಲ್ಲಿ ತಡವರಿಸಿದರು. ಎರಡನೆಯದರಲ್ಲಿ, ಎದುರಾಳಿಯ ಎಳೆವಯಸ್ಸನ್ನೂ ಅನುಭವ ಸಾಲದ್ದನ್ನೂ ತಾವು ಚುನಾವಣೆಯ ವಿಷಯ ಮಾಡುವುದಿಲ್ಲವೆಂದು ಚಟಾಕಿ ಹಾರಿಸಿ ಎಲ್ಲರನ್ನೂ ನಗಿಸಿದರು. 49 ರಾಜ್ಯಗಳನ್ನು ಗೆದ್ದರು. ತಮಗೆ ಅಲ್ಜೈಮರ್ ರೋಗವೆಂದು ಅವರು ಪತ್ರ ಬರೆದು ತಿಳಿಸಿದ್ದು ಹತ್ತು ವರ್ಷಗಳ ಮೇಲೆ, 1994ರ ನವೆಂಬರಿನಲ್ಲಿ. 1967ರಲ್ಲಿ ಜಾರಿಗೆ ಬಂದ ಅಮೇರಿಕೆಯ 25ನೆಯ ತಿದ್ದುಪಡಿ, ಅಧ್ಯಕ್ಷ ಕೆಲಸಕ್ಕೆ ಅಸಮರ್ಥನೆಂದು ಉಪಾಧ್ಯಕ್ಷರೂ ಬಹುಪಾಲು ಮಂತ್ರಿಗಳೂ ಸೇರಿ ಹೇಳಬಹುದೆನ್ನುತ್ತದೆ. ಆ ನಾಲ್ಕನೆಯ ಕಲಮನ್ನು ಈವರೆಗೆ ಯಾರೂ ಬಳಸಿಲ್ಲ. ಹೇಗೆ ಬಳಸುತ್ತಾರೆ? ಆ ಮಂತ್ರಿಗಳೆಲ್ಲ ಅದೇ ಅಧ್ಯಕ್ಷ ಆರಿಸಿಕೊಂಡವರು. ಬೈಡನ್ನರ ವಿಷಯದಲ್ಲೂ, ಒಳಗಿನವರು ಮೊದಲೇ ಬಲ್ಲವರಾಗಿದ್ದು ಮುಚ್ಚಿಟ್ಟರೆಂದು ಟ್ಯಾಪರ್ ಮತ್ತು ಥಾಂಪ್ಸನ್ ಎಂಬ ಇಬ್ಬರು ಪತ್ರಕರ್ತರು 2025ರ ಮೇನಲ್ಲಿ ಒಂದು ಪುಸ್ತಕವನ್ನೇ ತಂದರು. ಹಾಗೇನೂ ಇರಲಿಲ್ಲವೆಂದು ಅವರ ಕಡೆಯವರು ಅಲ್ಲಗಳೆದರು. ಯಾವುದು ಎಷ್ಟು ನಿಜವೆಂದು ಡೊಂಬಿವಲಿಯಿಂದ ಹೇಳಲಾಗದು. ಮುಚ್ಚಿಡುವುದು ಹೇಗೆಂಬುದನ್ನು ಮಾತ್ರ ಹೇಳಬಲ್ಲೆವು.

2023ರ ದೀಪಾವಳಿಯ ಹೊತ್ತಿಗೇ ನಮಗೆ ತಿಳಿದಿತ್ತು. ಅಪ್ಪ ಪೆನ್ಶನ್ನಿನ ದುಡ್ಡನ್ನು ಮೂರು ಸಲ ಎಣಿಸಿ ಮೂರು ಲೆಕ್ಕ ಹೇಳುತ್ತಿದ್ದರು. ನಮ್ಮ ಮಗನನ್ನು ನಮ್ಮ ಹೆಸರಿನಿಂದ ಕರೆಯುತ್ತಿದ್ದರು. ತರಕಾರಿಗೆ ಹೋದವರು ಎರಡು ತಾಸಾದರೂ ಬರದೆ, ಸ್ಟೇಶನ್ನಿನ ಪಾದಚಾರಿ ಸೇತುವೆಯ ಮೇಲೆ ಹುಬ್ಬಳ್ಳಿ ಗಾಡಿ ಯಾವ ಪ್ಲಾಟ್‌ಫಾರ್ಮಿಗೆಂದು ಕೇಳುತ್ತ ನಿಂತಿದ್ದರು. ಊರಿನಿಂದ ಅಣ್ಣ ಫೋನು ಮಾಡಿದಾಗ ನಾವು “ಅಪ್ಪ ಆರಾಮ ಅದಾರ” ಎನ್ನುತ್ತಿದ್ದೆವು. ಅಕ್ಕ ಕೇಳಿದರೂ ಅದೇ. ಮುದುಕರ ಮರೆವು ಯಾರಿಗಿಲ್ಲ ಎಂದು ನಮ್ಮಾಕೆಗೂ ಅಂದು, ನಮಗೂ ಅಂದುಕೊಂಡೆವು.

ಅಪ್ಪ 2000ದಲ್ಲಿ ನಿವೃತ್ತರಾದಾಗ ಬಂದ ಗಂಟಿನಲ್ಲಿ ಊರಲ್ಲಿ ನಾಲ್ಕು ಎಕರೆ ಎರಿ ಹೊಲ ಕೊಂಡಿದ್ದರು. ತಮ್ಮದೇ ಗಳಿಕೆ, ಯಾರಿಗೆ ಬೇಕಾದರೂ ಕೊಡಬಹುದಿತ್ತು. ಬಾವಿಯ ಕಡೆಯ ಒಂದು ಎಕರೆ ಅಕ್ಕನಿಗೆಂದು ಅವ್ವ ಇದ್ದಾಗಿನಿಂದಲೂ ಬಾಯಿಮಾತಿನಲ್ಲಿ ಹೇಳುತ್ತ ಬಂದಿದ್ದರು. “ಬಾಂವಿ ಹೊಲ ಅಕ್ಕವ್ವಂದು” ಎಂಬುದು ನಮ್ಮ ಮನೆಯಲ್ಲಿ ಗಾದೆಯಾಗಿತ್ತು. ಆ ಡಿಸೆಂಬರಿನಲ್ಲಿ ಅಣ್ಣ, ಅಪ್ಪ ಗಟ್ಟಿ ಇರುವಾಗಲೇ ಕಾಗದ ಮಾಡಿಸುವುದು ಚಲೋ ಎಂದ. ನಮಗೂ ಮನೆಯ ಸಾಲದ ಕಂತು ಕುತ್ತಿಗೆಗಿತ್ತು. ನಾಲ್ಕೂ ಎಕರೆಯನ್ನು ಇಬ್ಬರು ಗಂಡುಮಕ್ಕಳಿಗೆ ಬಕ್ಷೀಸ ಪತ್ರ ಮಾಡುವುದೆಂದಾಯಿತು. ಅಕ್ಕನಿಗೆ ಆಮೇಲೆ ನಾವೇ ಏನಾದರೂ ಕೊಟ್ಟರಾಯಿತೆಂದು ಒಬ್ಬರಿಗೊಬ್ಬರು ಹೇಳಿಕೊಂಡೆವು. ಅವಳಿಗೆ ಹೇಳಲಿಲ್ಲ.

ಊರಿನಿಂದ ತಾಲೂಕು ಕಚೇರಿಗೆ ಕಾರಿನಲ್ಲಿ ನಲವತ್ತು ನಿಮಿಷ. ದಾರಿಯುದ್ದಕ್ಕೂ ಅಪ್ಪನಿಗೆ ಪಾಠ ಹೇಳಿಕೊಟ್ಟೆವು. ಸಾಹೇಬರು ಹೆಸರು ಕೇಳುತ್ತಾರೆ, ಊರು ಕೇಳುತ್ತಾರೆ, ಯಾರಿಗೆ ಕೊಡುತ್ತೀರಿ ಎಂದು ಕೇಳುತ್ತಾರೆ. ಇಬ್ಬರು ಮಕ್ಕಳಿಗೆ ಎನ್ನಿ, ಖುಷಿಯಿಂದ ಕೊಡತೀನಿ ಎನ್ನಿ. ಅಪ್ಪ ಮಗ್ಗಿ ಒಪ್ಪಿಸುವ ಹುಡುಗನಂತೆ ಹೇಳಿದರು, ಮರೆತರು, ಮತ್ತೆ ಹೇಳಿದರು. ಸಾವಿರಾರು ಮಕ್ಕಳಿಗೆ ಮಗ್ಗಿ ಕಲಿಸಿದವರು. ಒಗೆದ ಧೋತರ, ಇಸ್ತ್ರಿಯ ಅಂಗಿ, ತಲೆಗೆ ಟೊಪ್ಪಿಗೆ. ಸಾಹೇಬರೆದುರು ನೆಟ್ಟಗೆ ಕುಳಿತರು.

“ಎಷ್ಟು ಮಂದಿ ಮಕ್ಕಳ್ರೀ ಯಜಮಾನ್ರ?”

ಈ ಪ್ರಶ್ನೆಯನ್ನು ನಾವು ಕಲಿಸಿರಲಿಲ್ಲ. ಅಪ್ಪ ನಮ್ಮಿಬ್ಬರ ಮುಖ ನೋಡಿ “ಇಬ್ಬರು” ಎಂದರು. ಅಣ್ಣ ನೆಲ ನೋಡಿದ. ನಾವು ಗೋಡೆಯ ಕ್ಯಾಲೆಂಡರ್ ನೋಡಿದೆವು. ಫೋಟೋ ಹಿಡಿದರು, ಹೆಬ್ಬೆಟ್ಟು ಒತ್ತಿಸಿದರು, ಕಾಗದವಾಯಿತು. ತಿರುಗಿ ಬರುವಾಗ ನವಿಲಿನಂಥ ಬಿಸಿಲು. ಅಪ್ಪ ಕಿಡಕಿಯಾಚೆ ಕಡಲೆಯ ಹೊಲ ನೋಡುತ್ತಿದ್ದರು. ಅರ್ಧ ದಾರಿಯಲ್ಲಿ ಕೇಳಿದರು: “ಅಕ್ಕವ್ವ ಯಾಕ ಬರಲಿಲ್ಲ?”

ವಿಲ್ಸನ್ನರ ಎಡಗೈ ಹೊದಿಕೆಯೊಳಗೆ ಮುಚ್ಚಿದ್ದನ್ನು ನಾವು ಓದಿದ್ದು ಆಮೇಲೆ. ಓದುವಾಗ ಆ ಹೊದಿಕೆಯ ಬಣ್ಣ ಕೂಡ ಕಂಡಂತಾಯಿತು.

ಇದು ಆದ ಆರು ತಿಂಗಳಿಗೆ, ಜೂನ್ 28ರ ಬೆಳಿಗ್ಗೆ, ಅಪ್ಪ ಆ ಪ್ರಶ್ನೆ ಕೇಳಿದ್ದು. ಬೈಡನ್ನರಿಗೆ ಮನೆಯಲ್ಲಿ ಹೇಳಿದರೋ, ಪಕ್ಷದವರು ಹೇಳಿದರೋ, ಜುಲೈ 21ರಂದು ಪತ್ರ ಬರೆದು ಕಣದಿಂದ ಹಿಂದೆ ಸರಿದರು. ಆಗಸ್ಟಿನಲ್ಲಿ ನಾವು ಅಪ್ಪನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದೆವು.

ಅಲ್ಲಿ ಮಾಡಿದ್ದು ಟ್ರಂಪರು 2018ರಲ್ಲಿ ಮೂವತ್ತಕ್ಕೆ ಮೂವತ್ತು ಪಡೆದು ಹೆಮ್ಮೆಪಟ್ಟುಕೊಂಡ ಅದೇ ಪರೀಕ್ಷೆ, ಮಾಂಟ್ರಿಯಲ್‌ನ ವೈದ್ಯರೊಬ್ಬರು ರೂಪಿಸಿದ್ದು. ಪ್ರಾಣಿಗಳ ಚಿತ್ರ ನೋಡಿ ಹೆಸರು ಹೇಳಬೇಕು; ನೂರರಿಂದ ಏಳೇಳು ಕಳೆಯುತ್ತ ಹೋಗಬೇಕು; ಐದು ಪದ ಕೇಳಿಸಿಕೊಂಡು ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಹೇಳಬೇಕು; ಗಡಿಯಾರ ಬರೆದು ಹನ್ನೊಂದು ಹೊಡೆದು ಹತ್ತು ನಿಮಿಷ ತೋರಿಸಬೇಕು. 26 ಬಂದರೆ ಸಾಮಾನ್ಯವೆಂದು ಲೆಕ್ಕ. ಹತ್ತು ನಿಮಿಷದ ಕೆಲಸ. ಎಪ್ಪತ್ತೈದು ದಾಟಿದ ರಾಜಕಾರಣಿಗಳಿಗೆಲ್ಲ ಬುದ್ಧಿಯ ಪರೀಕ್ಷೆ ಕಡ್ಡಾಯವಾಗಬೇಕೆಂದು ಅಮೇರಿಕೆಯ ನಿಕಿ ಹೇಲಿ 2023ರಲ್ಲಿ ಒತ್ತಾಯಿಸಿದ್ದರು. ಹಳೆಯ ಬಿ.ಎಸ್ಸಿ. ಗಿರಾಕಿಗಳಾದ ನಾವು ಇಷ್ಟು ಹೇಳಬಹುದು: ಯಾವ ಉಪಕರಣ ಏನನ್ನು ಅಳೆಯುತ್ತದೆಂಬುದು ಮೊದಲು ಗೊತ್ತಿರಬೇಕು. ಸ್ಕ್ರೂಗೇಜಿನಿಂದ ಜ್ವರ ನೋಡಲಾಗದು. ಈ ಪರೀಕ್ಷೆ ನೆನಪು ಜಾರತೊಡಗಿದೆಯೇ ಎಂದು ಶೋಧಿಸುವ ಜರಡಿ. ಪೂರ್ತಿ ಅಂಕ ತೆಗೆದವನಿಗೆ ವಿವೇಕವಿದೆ, ಸೈರಣೆಯಿದೆ, ನಾಳೆ ಯುದ್ಧದ ಕಾಗದ ಬಂದರೆ ಸರಿಯಾಗಿ ಯೋಚಿಸುತ್ತಾನೆ ಎಂದು ಅದು ಹೇಳುವುದಿಲ್ಲ. ಆದರೂ ಜರಡಿಯೇ ಬೇಡವೆಂದು ನಾವು ಅನ್ನಲಾರೆವು. ಮನೆಯವರ ಬಾಯಿ ಸುಳ್ಳಾಡಿದಾಗ ಅದೊಂದು ಕಾಗದವಾದರೂ ನಿಜ ಹೇಳುತ್ತದೆ.

ವೈದ್ಯೆ ಮರಾಠಿಯವರು. ನಾವು ನಡುವೆ ಕುಳಿತು ಕನ್ನಡ ಮಾಡಿ ಹೇಳುತ್ತಿದ್ದೆವು. ಐದು ಪದ ತಿರುಗಿ ಕೇಳಿದಾಗ ಅಪ್ಪ ಎರಡು ಹೇಳಿ, ರಿಜಿಸ್ಟ್ರಾರರ ಎದುರು ನೋಡಿದಂತೆಯೇ ನಮ್ಮ ಮುಖ ನೋಡಿದರು. ನಮ್ಮ ತುಟಿ ಅಲುಗಿರಬೇಕು. ನಮ್ಮಾಕೆ ಮೇಜಿನ ಕೆಳಗೆ ನಮ್ಮ ಕಾಲು ತುಳಿದಳು. ನಾವು ತಲೆ ಬಗ್ಗಿಸಿದೆವು. ಆ ಒಂದು ನಿಮಿಷ ಬಹಳ ದೊಡ್ಡದಿತ್ತು.

ಗಡಿಯಾರ ಬರೆಯಲು ಹೇಳಿದಾಗ ಅಪ್ಪನ ಮುಖ ಬೆಳಗಿತು. ಮೂವತ್ತೈದು ವರ್ಷ ಕರಿಹಲಗೆಯ ಮೇಲೆ ಬರೆದ ಕೈ. ಒಂದೇ ಎಳೆತಕ್ಕೆ ದುಂಡನೆಯ ವರ್ತುಲ. ಕನ್ನಡದ ಅಂಕಿಗಳನ್ನು ಒಂದೂ ಜಾಗ ತಪ್ಪದಂತೆ ಕೂಡಿಸಿದರು. ಆಮೇಲೆ ಒಂದು ಮುಳ್ಳನ್ನು ಹನ್ನೊಂದಕ್ಕೆ ಎಳೆದರು, ಇನ್ನೊಂದನ್ನು ಹತ್ತಕ್ಕೆ. ಪೆನ್ನು ಕೆಳಗಿಟ್ಟು, “ಶಾಲಿ ಗಂಟಿ ಬಾರಿಸಿ ಹತ್ತು ಮಿನಿಟ ಆತು ನೋಡ್ರಿ” ಎಂದು ವೈದ್ಯೆಗೆ ಹೇಳಿದರು. ಒಟ್ಟು ಹದಿನೇಳು ಬಂತು. ಬಿ-12, ಥೈರಾಯಿಡ್ ಎಲ್ಲ ನೋಡಿದರು, ಗುಳಿಗೆ ಬರೆದುಕೊಟ್ಟರು.

ಅಂದು ರಾತ್ರಿ ಅಣ್ಣನಿಗೆ ಫೋನು ಮಾಡಿ, ಅಪ್ಪನ ನೆನಪು ಹೊಂಟೈತಿ, ಹ್ವಾದ ವರ್ಷದಿಂದಲೂ ಹಿಂಗ ಐತಿ ಎಂದು ಹೇಳಿದೆವು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ “ನನಗೂ ಗೊತ್ತಿತ್ತೋ ತಮ್ಮಾ, ಕಾರಿನಾಗ ಗೊತ್ತಾತು” ಎಂದ. ಅಕ್ಕನಿಗೆ ಹೇಳುವ ಕೆಲಸ ನಮ್ಮ ಪಾಲಿಗೆ ಬಂತು. ಅವಳು ಹೊಲದ ಮಾತೇ ಎತ್ತಲಿಲ್ಲ. ಒಂದು ವರ್ಷ ಸುಳ್ಳು ಹೇಳಿದಿರಲ್ಲ, ನಾನು ಬಂದು ನೋಡುತ್ತಿದ್ದೆನಲ್ಲ ಎಂದು ಅತ್ತಳು.

2025ರ ಜನವರಿಯಲ್ಲಿ ಟ್ರಂಪರು ಪ್ರಮಾಣವಚನ ತೆಗೆದುಕೊಂಡಾಗ ಅವರಿಗೆ 78 ದಾಟಿ ಏಳು ತಿಂಗಳು. ಆ ಪದವಿಯ ಪ್ರಮಾಣ ಮಾಡಿದವರಲ್ಲೆಲ್ಲ ಹಿರಿಯರು. ಲೋಕಲ್ ಡಬ್ಬಿಯ ವೈದ್ಯರಿಗೆ ಮತ್ತೆ ಕೆಲಸ ಬಂತು. ನಾವು ಆ ಚರ್ಚೆಯಲ್ಲಿ ಬಾಯಿ ಹಾಕುವುದನ್ನು ಬಿಟ್ಟಿದ್ದೇವೆ.

ಆ ವರ್ಷದ ಯುಗಾದಿಗೆ ರಜೆ ಹಾಕಿ ಎಲ್ಲರೂ ಊರಿಗೆ ಹೋದೆವು. ಅದೇ ತಾಲೂಕು ಕಚೇರಿ. ಅಣ್ಣ ಮತ್ತು ನಾವು ಬಾವಿಯ ಕಡೆಯ ಎಕರೆಯನ್ನು ಅಕ್ಕನ ಹೆಸರಿಗೆ ಮಾಡಿಕೊಟ್ಟೆವು. ಖರ್ಚಿನ ಬಗ್ಗೆ ಅಣ್ಣ ಸ್ವಲ್ಪ ಗೊಣಗಿದ. ಈ ಸಲ ಅಪ್ಪನ ಸಹಿ ಬೇಕಿರಲಿಲ್ಲ. ಹೊರಗಿನ ಬಾಕಿನ ಮೇಲೆ ಅಕ್ಕನ ಪಕ್ಕದಲ್ಲಿ ಕುಳಿತು ಬಾಳೆಹಣ್ಣು ತಿನ್ನುತ್ತಿದ್ದರು. ಕಾಗದ ಹಿಡಿದುಕೊಂಡು ನಾವು ಹೊರಗೆ ಬಂದಾಗ ಯಾರದು ಎಂದು ಕೇಳಿದರು. ಬಾಂವಿ ಹೊಲದ್ದು, ಅಕ್ಕಗ ಮಾಡಿದ್ವಿ ಎಂದೆವು.

“ಅಕ್ಕವ್ವಂದಾ?” ಎಂದು ಅಪ್ಪ ನಕ್ಕರು. “ಆಕೀದು ನಾ ಯಾವಾಗೋ ಮಾಡೇನಲ್ಲೋ ತಮ್ಮಾ.”